ನಾಲ್ಕು ಸಾಲಿನ ಸೂಚನೆ, ಮೂರು ಬಗೆಯ ಯಂತ್ರ: ಪೈಥಾನ್ ಇನ್‌ಸ್ಟಾಲ್ ಮಾಡಲು ಹೋದ ಒಂದು ಪ್ರಕರಣ

2025ರ ಮಾರ್ಚ್ ತಿಂಗಳ ಒಂದು ಶನಿವಾರ, ಶಿವಮೊಗ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ, ಕನ್ನಡ ಪಠ್ಯದ ಅಕ್ಷರಗಳನ್ನು ಪೈಥಾನ್ ಭಾಷೆಯ ನೆರವಿನಿಂದ ಎಣಿಸುವ ಬಗೆಯನ್ನು ಕಲಿಸುವ ಮೂರು ಗಂಟೆಗಳ ಕಮ್ಮಟವೊಂದನ್ನು ನಾನು ನಡೆಸಿಕೊಟ್ಟೆ. ನಡೆಸಲು ಹೋಗಿ ಸೋತೆ ಎಂದರೆ ಹೆಚ್ಚು ಸರಿಯಾದೀತು. ಎರಡು ಗಂಟೆಗೂ ಮಿಕ್ಕಿದ ಹೊತ್ತು ಪೈಥಾನ್ ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆಯಿತು. ಉಳಿದ ಹೊತ್ತಿನಲ್ಲಿ ಅರ್ಧ ತರಗತಿಯ ಪರದೆಯ ಮೇಲೆ ಉತ್ತರ ಬಂತು, ಇನ್ನರ್ಧದ ಮೇಲೆ ಕೆಂಪಕ್ಷರದ ದೋಷಸೂಚನೆ ಬಂತು. ಆ ದಿನ ಏನೇನು ಕೈಕೊಟ್ಟಿತು, ಏಕೆ ಕೈಕೊಟ್ಟಿತು, ಎರಡು ವಾರ ಬಿಟ್ಟು ಮತ್ತೆ ಅದೇ ಕೊಠಡಿಗೆ ಹೋದಾಗ ಏನನ್ನು ಬದಲಿಸಿಕೊಂಡು ಹೋದೆ ಎಂಬುದರ ದಾಖಲೆ ಇದು.

ಬಂದಿದ್ದ ವಿದ್ಯಾರ್ಥಿಗಳು ಮೂವತ್ತರ ಆಸುಪಾಸು. ಹೆಚ್ಚಿನವರು ತಮ್ಮ ವಿಂಡೋಸ್ ಲ್ಯಾಪ್‌ಟಾಪ್ ತಂದಿದ್ದರು, ಇಬ್ಬರ ಬಳಿ ಮ್ಯಾಕ್‌ಬುಕ್ ಇತ್ತು, ಏನನ್ನೂ ತಾರದವರು ಲ್ಯಾಬಿನ ಕಂಪ್ಯೂಟರುಗಳ ಮುಂದೆ ಕುಳಿತಿದ್ದರು. ಅವುಗಳಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04 ಇತ್ತು. ನಾನು ಹಿಂದಿನ ದಿನವೇ ಒಂದು ಹಾಳೆಯನ್ನು ಅಚ್ಚು ಹಾಕಿಸಿ ಕಳುಹಿಸಿದ್ದೆ. ಅದರಲ್ಲಿ ನಾಲ್ಕೇ ಸಾಲು. ‘ಪೈಥಾನ್’ ಎಂದು ಹೊಡೆದು ಅದು ಇದೆಯೇ ನೋಡಿ, ಇಲ್ಲದಿದ್ದರೆ ಇಳಿಸಿಕೊಳ್ಳಿ. ‘ಪಿಪ್ ಇನ್‌ಸ್ಟಾಲ್ ರೆಜೆಕ್ಸ್’ ಎಂದು ಹೊಡೆಯಿರಿ. ಕೊಟ್ಟಿರುವ ಫೋಲ್ಡರಿಗೆ ಹೋಗಿ. ‘ಎಣಿಕೆ’ ಎಂಬ ಕಾರ್ಯಕ್ರಮವನ್ನು ಪೈಥಾನ್‌ನಿಂದ ಓಡಿಸಿ. ಪಿಪ್ ಎಂಬುದು ಪೈಥಾನ್‌ಗೆ ಹೊರಗಿನ ಪ್ಯಾಕೇಜುಗಳನ್ನು ತಂದು ಹಾಕುವ ಉಪಕರಣ. ರೆಜೆಕ್ಸ್ ಎಂಬ ಹೊರಗಿನ ಪ್ಯಾಕೇಜ್ ಏಕೆ ಬೇಕಾಯಿತೆಂದರೆ, ಪೈಥಾನ್ ತಾನಾಗಿ ಎಣಿಸಿದರೆ ‘ಮೊಸರು’ ಪದದಲ್ಲಿ ಐದು ಅಕ್ಷರಗಳಿವೆ ಎನ್ನುತ್ತದೆ, ಒಕಾರದ ಚಿಹ್ನೆಯನ್ನೂ ಕೊಂಬನ್ನೂ ಅದು ಬೇರೆ ಬೇರೆಯಾಗಿ ಲೆಕ್ಕ ಹಿಡಿಯುತ್ತದೆ. ಕಾಗುಣಿತದ ಚಿಹ್ನೆಯನ್ನು ಅದರ ವ್ಯಂಜನದ ಜೊತೆಗೇ ಸೇರಿಸಿ ಮೂರು ಎಂದು ಎಣಿಸಬೇಕಾದರೆ ರೆಜೆಕ್ಸ್‌ನಂಥ ಪ್ಯಾಕೇಜ್ ಸುಲಭದ ದಾರಿ.

ಆ ನಾಲ್ಕೂ ಸಾಲುಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಹೊಡೆದು ನೋಡಿಯೇ ಅಚ್ಚಿಗೆ ಕೊಟ್ಟಿದ್ದೆ. ಪ್ರಕರಣದ ಮೂಲ ಇರುವುದೂ ಅಲ್ಲಿಯೇ. ನನ್ನದು ಉಬುಂಟು 22.04, ಮೂರು ವರ್ಷಗಳಿಂದ ಒಗ್ಗಿಸಿಕೊಂಡು ಬಂದ ಯಂತ್ರ. ಅದರ ಮೇಲೆ ಎಂದೋ ಏನೇನನ್ನೋ ಹಾಕಿಕೊಂಡು ಮರೆತಿದ್ದೆ, ಮರೆತದ್ದೆಲ್ಲ ಹಾಳೆಯಲ್ಲಿ ಬರೆಯದೆ ಉಳಿದ ಸಾಲುಗಳಾಗಿದ್ದವು.

ಮೊದಲ ಸಾಲು: ಹೆಸರು ಕರೆದರೆ ಓಗೊಡುವವರು ಯಾರು

ಮೊದಲ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಕೈಯೆತ್ತಿದಳು. “ಸರ್, ಪೈಥಾನ್ ಅಂತ ಹೊಡೆದ್ರೆ ಅಂಗಡಿ ತೆರ್ಕೊಳ್ತಿದೆ.” ಹೋಗಿ ನೋಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡಿತ್ತು. ವಿಂಡೋಸ್ ಜೊತೆಗೆ ಪೈಥಾನ್ ಬರುವುದಿಲ್ಲ; ಆದರೆ 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆಗೆ ‘ಪೈಥಾನ್’ ಮತ್ತು ‘ಪೈಥಾನ್3’ ಎಂಬ ಎರಡು ಹುಸಿ ಕಮಾಂಡುಗಳು ಬರುತ್ತವೆ. ಬರೀ ಹೆಸರನ್ನು ಹೊಡೆದರೆ ಅವು ಸ್ಟೋರನ್ನು ತೆರೆಯುತ್ತವೆ, ಹೆಸರಿನ ಮುಂದೆ ಬೇರೇನಾದರೂ ಸೇರಿಸಿದ್ದರೆ ಪೈಥಾನ್ ಸಿಗಲಿಲ್ಲವೆಂದು ಹೇಳಿ ಸ್ಟೋರಿನ ದಾರಿ ತೋರಿಸುತ್ತವೆ. ಏನೂ ಇಲ್ಲದ ಯಂತ್ರದ ಮುಂದೆ ಕುಳಿತ ಹೊಸಬರಿಗೆ ಇದು ಉಪಕಾರವೇ ಸರಿ. ತೊಡಕು ಇದ್ದದ್ದು, ಹಿಂದಿನ ರಾತ್ರಿಯೇ ಪೈಥಾನ್‌ನ ಸ್ವಂತ ಜಾಲತಾಣದಿಂದ ಇನ್‌ಸ್ಟಾಲರ್ ಇಳಿಸಿ, ಎಲ್ಲಕ್ಕೂ ‘ನೆಕ್ಸ್ಟ್’ ಒತ್ತಿ ಮುಗಿಸಿ ಬಂದಿದ್ದವರಿಗೂ ಅದೇ ಅಂಗಡಿಯೇ ತೆರೆದುಕೊಂಡದ್ದರಲ್ಲಿ.

ಕಮಾಂಡುಗಳನ್ನು ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ನಾವು ಹೊಡೆಯುವ ಹೆಸರಿನ ಕಾರ್ಯಕ್ರಮ ಎಲ್ಲಿದೆಯೆಂದು ಹುಡುಕಲು ಮೂರೂ ಆಪರೇಟಿಂಗ್ ಸಿಸ್ಟಂಗಳು ‘ಪಾತ್’ ಎಂಬ ಒಂದು ಪಟ್ಟಿಯನ್ನು ನೋಡುತ್ತವೆ. ಪಟ್ಟಿಯ ಫೋಲ್ಡರುಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಹೊಕ್ಕು ನೋಡಿ, ಆ ಹೆಸರು ಮೊದಲು ಎಲ್ಲಿ ಸಿಗುತ್ತದೆಯೋ ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಕಾರ್ಯಕ್ರಮಗಳು ‘ಬಿನ್’ ಎಂಬ ಕೆಲವೇ ಸಾಮಾನ್ಯ ಫೋಲ್ಡರುಗಳಿಗೆ ಬಂದು ಬೀಳುವುದರಿಂದ ಈ ಪಟ್ಟಿಯನ್ನು ಮುಟ್ಟುವ ಪ್ರಸಂಗ ಬರುವುದು ಕಡಿಮೆ. ವಿಂಡೋಸ್‌ನಲ್ಲಿ ಪ್ರತಿಯೊಂದು ಕಾರ್ಯಕ್ರಮವೂ ತನ್ನದೇ ಬೇರೆ ಫೋಲ್ಡರಿನಲ್ಲಿ ಮನೆ ಮಾಡಿಕೊಳ್ಳುತ್ತದೆ. ಪೈಥಾನ್ ಇನ್‌ಸ್ಟಾಲರ್ ಬಳಕೆದಾರರ ಖಾತೆಯೊಳಗಿನ ‘ಆ್ಯಪ್‌ಡೇಟಾ’ ಫೋಲ್ಡರಿನ ಒಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ, ಪೈಥಾನನ್ನು ಇಟ್ಟು ಬರುತ್ತದೆ. ಆ ವಿಳಾಸವನ್ನು ಪಟ್ಟಿಗೆ ಸೇರಿಸಬೇಕೇ ಎಂದು ಕೇಳುವ ಚೌಕ ಇನ್‌ಸ್ಟಾಲರಿನ ಮೊದಲ ಪರದೆಯ ಅಡಿಯಲ್ಲಿದೆ, ಅದಕ್ಕೆ ಗುರುತು ಹಾಕದೆಯೇ ಬಿಡಲಾಗಿರುತ್ತದೆ. ನಮ್ಮವರಾರೂ ಅದನ್ನು ಗಮನಿಸಿರಲಿಲ್ಲ. ಹೀಗಾಗಿ ಪೈಥಾನ್ ಮನೆಯೊಳಗೇ ಇದ್ದರೂ ಹೆಸರು ಕರೆದಾಗ ಓಗೊಟ್ಟದ್ದು ಹುಸಿ ಕಮಾಂಡು.

ಗುರುತು ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿಸಿದ ಮೇಲೂ ಕೆಲವರಿಗೆ ಅಂಗಡಿ ತಪ್ಪಲಿಲ್ಲ. ಕಾರಣ ಸಣ್ಣದು: ತೆರೆದಿರುವ ಟರ್ಮಿನಲ್ ತಾನು ಹುಟ್ಟಿದಾಗ ಪಡೆದ ಪಟ್ಟಿಯನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ಮುಚ್ಚಿ ಹೊಸತನ್ನು ತೆರೆಯಬೇಕು. ವಿಎಸ್ ಕೋಡ್ ಎಂಬ ಕೋಡ್ ಬರೆಯುವ ತಂತ್ರಾಂಶದ ಒಳಗಿನ ಟರ್ಮಿನಲ್ ಬಳಸುವವರಾದರೆ ಟರ್ಮಿನಲ್ ಮುಚ್ಚಿದರೆ ಸಾಲದು, ವಿಎಸ್ ಕೋಡನ್ನೇ ಮುಚ್ಚಬೇಕು, ಏಕೆಂದರೆ ಅದು ಪಟ್ಟಿಯನ್ನು ಅಲ್ಲಿಂದಲೇ ಪಡೆಯುತ್ತದೆ.

ಒಂದು ಲ್ಯಾಪ್‌ಟಾಪಿನಲ್ಲಿ ಮಾತ್ರ ಪೈಥಾನ್ ಬಂತು, ಆದರೆ ಬಂದದ್ದು 3.8. ಹುಡುಗ ಹಾಕಿದ್ದು 3.13. ಯಾವ ಪೈಥಾನ್ ಎಲ್ಲಿಂದ ಬರುತ್ತಿದೆಯೆಂದು ನೋಡಲು ‘ವೇರ್ ಪೈಥಾನ್’ ಎಂದು ಹೊಡೆಯಲು ಹೇಳಿದೆ. ಏನೂ ಬರಲಿಲ್ಲ, ದೋಷವೂ ಬರಲಿಲ್ಲ. ಅವನು ತೆರೆದಿದ್ದದ್ದು ಪವರ್‌ಶೆಲ್, ವಿಂಡೋಸ್‌ನಲ್ಲಿ ಕಮಾಂಡ್ ಹೊಡೆಯುವ ಹೊಸ ಬಗೆಯ ಕಿಟಕಿ. ಪವರ್‌ಶೆಲ್‌ನಲ್ಲಿ ‘ವೇರ್’ ಎಂಬುದು ಬೇರೊಂದು ಕಮಾಂಡಿನ ಅಡ್ಡಹೆಸರು, ಹಾಗಾಗಿ ‘ವೇರ್ ಡಾಟ್ ಇಎಕ್ಸ್‌ಇ’ ಎಂದು ಪೂರ್ತಿ ಬರೆಯಬೇಕು. ಹಾಗೆ ಬರೆದಾಗ ಮೂರು ಸಾಲು ಬಂದವು: ‘ಪ್ರೋಗ್ರಾಂ ಫೈಲ್ಸ್’ನಲ್ಲಿ ಹಳೆಯ 3.8, ‘ಆ್ಯಪ್‌ಡೇಟಾ’ದಲ್ಲಿ ಹೊಸ 3.13, ಕೊನೆಗೆ ಅಂಗಡಿಯ ಹುಸಿ. ವಿಂಡೋಸ್ ಇಡೀ ಯಂತ್ರದ ಪಟ್ಟಿಯನ್ನು ಮೊದಲು ಜೋಡಿಸಿ, ಬಳಕೆದಾರರ ಪಟ್ಟಿಯನ್ನು ಅದರ ಬೆನ್ನಿಗೆ ಸೇರಿಸುತ್ತದೆ. ಲ್ಯಾಪ್‌ಟಾಪ್ ಮೊದಲು ಅವನ ಅಣ್ಣನದಾಗಿತ್ತಂತೆ, ಅಣ್ಣ ಎಲ್ಲ ಬಳಕೆದಾರರಿಗೂ ಸಿಗುವಂತೆ 3.8 ಹಾಕಿದ್ದನಂತೆ. ಆದ್ದರಿಂದ ತಮ್ಮ ಎಷ್ಟು ಸಲ ಹೊಸತನ್ನು ಹಾಕಿದರೂ ಗೆಲ್ಲುತ್ತಿದ್ದದ್ದು ಅಣ್ಣನದೇ.

ಇಷ್ಟೆಲ್ಲಕ್ಕೂ ಒಂದು ಅಡ್ಡದಾರಿ ವಿಂಡೋಸ್‌ನಲ್ಲಿ 2012ರಿಂದಲೂ, ಅಂದರೆ ಪೈಥಾನ್ 3.3ರಿಂದಲೂ ಇದೆ. ‘ಪಿವೈ’ ಎಂಬ ಎರಡಕ್ಷರದ ಲಾಂಚರ್ ಇನ್‌ಸ್ಟಾಲರಿನ ಜೊತೆಗೇ ಬರುತ್ತದೆ, ಆ ಚೌಕಕ್ಕೆ ಗುರುತು ಹಾಕದಿದ್ದರೂ ಅದು ಸಿಗುತ್ತದೆ, ಯಂತ್ರದಲ್ಲಿರುವ ಪೈಥಾನ್‌ಗಳನ್ನೆಲ್ಲ ಪಟ್ಟಿ ಮಾಡಿ ಬೇಕಾದ ಆವೃತ್ತಿಯನ್ನು ಕರೆಯುತ್ತದೆ. ವಿಂಡೋಸ್ ಬಳಸುವವರಿಗೆ ಇದು ಗೊತ್ತಿರುತ್ತದೆ. ಉಬುಂಟುವಿನಲ್ಲಿ ಕುಳಿತು ಹಾಳೆ ಬರೆದ ನನಗೆ ಅದು ನೆನಪಿಗೇ ಬಂದಿರಲಿಲ್ಲ.

ಲ್ಯಾಬಿನ ಸಾಲಿನಲ್ಲಿ ಕಥೆ ಬೇರೆ. ಅಲ್ಲಿ ‘ಪೈಥಾನ್’ ಎಂದರೆ ಅಂಥ ಕಮಾಂಡ್ ಇಲ್ಲ, ‘ಪೈಥಾನ್3’ ಎನ್ನಬೇಕಿತ್ತೇ ಎಂಬ ಉತ್ತರ ಬಂತು. ಹಿಂದೆ ‘ಪೈಥಾನ್’ ಎಂದರೆ ಎರಡನೆಯ ಆವೃತ್ತಿ ಎಂದೇ ಲಿನಕ್ಸ್ ಲೋಕದ ರೂಢಿ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು, ಅದೇ ವರ್ಷದ ಉಬುಂಟು 20.04ರಿಂದ ಆ ಹೆಸರು ಯಾರಿಗೂ ಸೇರದೆ ಖಾಲಿ ಉಳಿಯಿತು. ಹೊಸದಕ್ಕೆ ಆ ಹೆಸರನ್ನು ಕೊಡಬೇಕೆನ್ನುವವರಿಗಾಗಿ ‘ಪೈಥಾನ್-ಈಸ್-ಪೈಥಾನ್3’ ಎಂಬ ಪುಟ್ಟ ಪ್ಯಾಕೇಜ್ ಇದೆ. ನಾನು ಅದನ್ನು ಎಂದೋ ಹಾಕಿಕೊಂಡಿದ್ದೆ. ಒಂದು ಸ್ವಾರಸ್ಯವನ್ನು ಇಲ್ಲಿ ಹೇಳದಿರಲಾರೆ: ಉಬುಂಟುವಿನಲ್ಲಿ ‘ಪೈಥಾನ್ ಸಿಗಲಿಲ್ಲ’ ಎಂದು ಹೇಳುವ ಕಾರ್ಯಕ್ರಮವನ್ನು ಬರೆದಿರುವುದೇ ಪೈಥಾನ್‌ನಲ್ಲಿ.

ಮ್ಯಾಕ್‌ಬುಕ್ಕುಗಳಲ್ಲಿ ಒಂದು ಹೊಸದು. ಆ್ಯಪಲ್ 2022ರ ಮಾರ್ಚ್‌ನಲ್ಲಿ ಬಂದ ಮ್ಯಾಕ್‌ಓಎಸ್ 12.3ರಲ್ಲಿ ಪೈಥಾನ್ 2.7ನ್ನು ತೆಗೆದುಹಾಕಿತು. ಈಗಿನ ಮ್ಯಾಕ್‌ನಲ್ಲಿ ‘ಪೈಥಾನ್’ ಎಂಬ ಹೆಸರಿಲ್ಲ, ‘ಪೈಥಾನ್3’ ಎಂಬುದು ಇದೆ, ಆದರೆ ಅದೂ ವಿಂಡೋಸ್‌ನ ಅಂಗಡಿಯ ಹಾಗೆ ಬಾಗಿಲಷ್ಟೇ: ಹೊಡೆದೊಡನೆ ಡೆವಲಪರುಗಳ ಕಮಾಂಡ್ ಲೈನ್ ಉಪಕರಣಗಳನ್ನು ಇಳಿಸಿಕೊಳ್ಳಬೇಕೇ ಎಂದು ಒಂದು ಕಿಟಕಿ ಕೇಳುತ್ತದೆ. ಒಪ್ಪಿದರೆ ಸಿ ಕಂಪೈಲರ್, ಗಿಟ್ ಎಲ್ಲವೂ ಸೇರಿದ ದೊಡ್ಡ ಕಟ್ಟೊಂದು ಇಳಿಯತೊಡಗುತ್ತದೆ. ಮೂವತ್ತು ಜನ ಹಂಚಿಕೊಂಡ ವೈಫೈಯಲ್ಲಿ ಅದು ಆ ಮಧ್ಯಾಹ್ನ ಮುಗಿಯಲಿಲ್ಲ. ಮುಗಿದಿದ್ದರೂ ಅದರಿಂದ ಸಿಗುತ್ತಿದ್ದದ್ದು 3.9 ಮಾತ್ರ, ಆ್ಯಪಲ್ ಆ ಪೈಥಾನನ್ನು ಇಟ್ಟಿರುವುದು ತನ್ನ ಉಪಕರಣಗಳ ಅಗತ್ಯಕ್ಕೆ, ನಮ್ಮ ಪಾಠಕ್ಕೆ ಅಲ್ಲ.

ಎರಡನೆಯ ಸಾಲು: ಈ ಪೈಥಾನ್ ಯಾರದು

‘ಪಿಪ್ ಇನ್‌ಸ್ಟಾಲ್ ರೆಜೆಕ್ಸ್’ ಎಂಬ ಸಾಲು ವಿಂಡೋಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಏಟಿಗೆ ಆಯಿತು. ಲ್ಯಾಬಿನಲ್ಲಿ, ಎಲ್ಲಕ್ಕಿಂತ ಸಲೀಸಾಗಬಹುದೆಂದು ನಾನು ನಂಬಿದ್ದ ಕಡೆ, ಪ್ರತಿಯೊಂದು ಯಂತ್ರದಲ್ಲೂ ಉದ್ದನೆಯ ಒಂದು ನಿರಾಕರಣೆ ಬಂತು: ಈ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆ, ಪ್ಯಾಕೇಜ್ ಬೇಕಾದರೆ ಉಬುಂಟುವಿನ ಸ್ವಂತ ಪ್ಯಾಕೇಜ್ ವ್ಯವಸ್ಥೆಯಾದ ಆ್ಯಪ್ಟ್ ಮೂಲಕ ಹಾಕಿಕೊಳ್ಳಿ, ಇಲ್ಲವೇ ನಿಮ್ಮದೇ ಬೇರೆ ಪರಿಸರ ಕಟ್ಟಿಕೊಳ್ಳಿ.

ನನ್ನ 22.04ರಲ್ಲಿ ಇದು ಎಂದೂ ಬಂದಿರಲಿಲ್ಲ. ಪೆಪ್ 668 ಎಂಬ ಪ್ರಸ್ತಾವದ ಪ್ರಕಾರ, ಆಪರೇಟಿಂಗ್ ಸಿಸ್ಟಂ ತನ್ನ ಬಳಕೆಗೆಂದು ಇಟ್ಟುಕೊಂಡ ಪೈಥಾನ್‌ನ ಫೋಲ್ಡರಿನಲ್ಲಿ ಒಂದು ಗುರುತಿನ ಕಡತವನ್ನು ಇರಿಸಬಹುದು. ಅದನ್ನು ಕಂಡರೆ ಪಿಪ್ ಅಲ್ಲಿಗೆ ಏನನ್ನೂ ಹಾಕದೆ ಹಿಂದೆ ಸರಿಯಬೇಕು. 2023ರಲ್ಲಿ ಉಬುಂಟುವಿಗೆ ಮೂಲವಾದ ಡೆಬಿಯನ್‌ನ 12ನೆಯ ಆವೃತ್ತಿ ಮತ್ತು ಉಬುಂಟು 23.04 ಇದನ್ನು ಜಾರಿಗೆ ತಂದವು. 24.04ರಲ್ಲೂ ಅದು ಮುಂದುವರಿದಿದೆ.

ಈ ಕಟ್ಟುನಿಟ್ಟಿಗೆ ವಿದ್ಯಾರ್ಥಿಗಳು ಬೇಸರಪಟ್ಟರು, ನಾನು ಪಡಲಿಲ್ಲ, ಏಕೆಂದರೆ ಅದು ಇಲ್ಲದ ಕಾಲದಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಹೊಸ ಪೈಥಾನ್ ಬೇಕೆಂದು ‘/ಯುಎಸ್‌ಆರ್/ಬಿನ್/ಪೈಥಾನ್3’ ಎಂಬ ಕೊಂಡಿಯನ್ನು ನಾನೇ ಹಾಕಿಕೊಂಡ ಹೊಸ ಆವೃತ್ತಿಯ ಕಡೆಗೆ ತಿರುಗಿಸಿದ್ದೆ. ಅಂದಿನಿಂದ ಯಾವ ಕಮಾಂಡನ್ನು ತಪ್ಪಾಗಿ ಹೊಡೆದರೂ ‘ಆ್ಯಪ್ಟ್ ಪಿಕೆಜಿ’ ಎಂಬ ಮಾಡ್ಯೂಲ್ ಸಿಗಲಿಲ್ಲವೆಂಬ ದೋಷಗಳ ಸರಮಾಲೆ ಬರತೊಡಗಿತು. ಕಾರಣ ಮೇಲೆ ಹೇಳಿದ್ದೇ: ತಪ್ಪು ಕಮಾಂಡನ್ನು ತಿದ್ದುವ ಕಾರ್ಯಕ್ರಮವೂ ಪೈಥಾನ್‌ನದು, ಅದಕ್ಕೆ ಬೇಕಾದ ಮಾಡ್ಯೂಲನ್ನು ಉಬುಂಟು ಕಟ್ಟಿರುವುದು ತನ್ನ ಪೈಥಾನ್ ಆವೃತ್ತಿಗೆ ಮಾತ್ರ. ವಿಂಡೋಸ್‌ನಲ್ಲಿ ಇಂಥ ಅಪಾಯವಿಲ್ಲ, ಏಕೆಂದರೆ ವಿಂಡೋಸ್ ತನ್ನ ಯಾವ ಕೆಲಸಕ್ಕೂ ಪೈಥಾನನ್ನು ನಂಬಿಕೊಂಡಿಲ್ಲ; ಅಲ್ಲಿನ ಪೈಥಾನ್ ಬಳಕೆದಾರರು ಹೊರಗಿನಿಂದ ತಂದುಕೊಂಡ ಸಾಮಾನು, ಮುರಿದರೂ ಅವರದೇ. ಉಬುಂಟುವಿನಲ್ಲಿ ಪೈಥಾನ್ ಮನೆಯ ತೊಲೆ. ಪೇಟೆಯಿಂದ ತಂದ ಸಾಮಾನಿಗೆ ಮೊಳೆ ಹೊಡೆದಂತೆ ತೊಲೆಗೆ ಹೊಡೆಯಲು ಬರುವುದಿಲ್ಲ. ನಾನು ಹಂಚಿದ ಹಾಳೆಗೆ ಈ ವ್ಯತ್ಯಾಸದ ಅರಿವೇ ಇರಲಿಲ್ಲ, ಉಳಿದ ತಪ್ಪುಗಳೆಲ್ಲ ಇದರಿಂದಲೇ ಕವಲೊಡೆದವು ಎಂಬುದು ನನ್ನ ಎಣಿಕೆ.

ಅಷ್ಟರಲ್ಲಿ ಚುರುಕಾದ ಒಬ್ಬ ಹುಡುಗ ಮೊಬೈಲಿನಲ್ಲಿ ಹುಡುಕಿ, ‘ಸಿಸ್ಟಂ ಪ್ಯಾಕೇಜುಗಳನ್ನು ಮುರಿ’ ಎಂಬ ಅರ್ಥದ ಒಂದು ಆಯ್ಕೆಯನ್ನು ಪಿಪ್ ಕಮಾಂಡಿಗೆ ಸೇರಿಸಿ ಕೆಲಸ ಮುಗಿಸಿಬಿಟ್ಟಿದ್ದ. ಆ ಹೆಸರಿಟ್ಟವರು ಬೇಕೆಂದೇ ಹೆದರಿಸುವಂತೆ ಇಟ್ಟಿದ್ದಾರೆ, ಆದರೂ ಅವನು ಹೆದರಲಿಲ್ಲ. ಅವನಿಗೆ ಆಡಳಿತದ ಹಕ್ಕು ಇಲ್ಲದ್ದರಿಂದ ಪಿಪ್ ಆ ಪ್ಯಾಕೇಜನ್ನು ಸಿಸ್ಟಂ ಫೋಲ್ಡರಿನ ಬದಲು ಖಾತೆಯ ಸ್ವಂತ ಫೋಲ್ಡರಿಗೆ ಹಾಕಿತು. ಮೇಲ್ನೋಟಕ್ಕೆ ಅಪಾಯವಿಲ್ಲ. ಆದರೆ ಲ್ಯಾಬಿನಲ್ಲಿ ಎಲ್ಲರೂ ಬಳಸುವುದು ‘ಸ್ಟೂಡೆಂಟ್’ ಎಂಬ ಒಂದೇ ಖಾತೆ. ಸೋಮವಾರ ಅದೇ ಯಂತ್ರದ ಮುಂದೆ ಕೂರುವ ಬೇರೊಬ್ಬರ ಪೈಥಾನ್‌ಗೂ ಇವನು ಹಾಕಿದ್ದು ತಾನಾಗಿ ಸೇರಿಕೊಳ್ಳುತ್ತದೆ. ಅದನ್ನು ತೆಗೆಸಿದೆ.

ಸರಿಯಾದ ದಾರಿ ಪ್ರತಿ ಕೆಲಸಕ್ಕೂ ಒಂದು ಪ್ರತ್ಯೇಕ ಪರಿಸರ, ಅಂದರೆ ತನ್ನದೇ ಪೈಥಾನ್ ಮತ್ತು ಪ್ಯಾಕೇಜುಗಳಿರುವ ಬೇರೊಂದು ಫೋಲ್ಡರ್, ಕಟ್ಟಿಕೊಳ್ಳುವುದು. ಅದಕ್ಕೆಂದೇ ‘ವೆನ್ವ್’ ಎಂಬ ಮಾಡ್ಯೂಲ್ ಪೈಥಾನ್ 3.3ರಿಂದ ಭಾಷೆಯ ಜೊತೆಗೇ ಬರುತ್ತದೆ. ಜೊತೆಗೇ ಬರುತ್ತದೆ ಎಂಬ ಮಾತು ವಿಂಡೋಸ್ ಮತ್ತು ಮ್ಯಾಕ್‌ಗಳ ಮಟ್ಟಿಗೆ ನಿಜ. ಡೆಬಿಯನ್ ಮತ್ತು ಉಬುಂಟು ಅದರ ಒಂದು ಭಾಗವನ್ನು ಬಿಡಿಸಿ ಬೇರೆ ಪ್ಯಾಕೇಜಾಗಿ ಇಟ್ಟಿವೆ, ಅದನ್ನು ಹಾಕಲು ಆಡಳಿತದ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಲ್ಯಾಬ್ ಸಹಾಯಕರ ಬಳಿ, ಶನಿವಾರ ಅವರದು ಅರ್ಧ ದಿನ. ಫೋನ್ ಮಾಡಿದರೆ ಪಾಪ, ಊಟ ಬಿಟ್ಟು ವಾಪಸು ಬಂದರು. ಒಂದೊಂದೇ ಯಂತ್ರಕ್ಕೆ ಹೋಗಿ ಪಾಸ್‌ವರ್ಡ್ ಹೊಡೆಯುವಷ್ಟರಲ್ಲಿ ಗಡಿಯಾರ ಮಧ್ಯಾಹ್ನದ ಮೂರೂವರೆ ದಾಟಿತ್ತು.

ಪರಿಸರವೆಂದು ಹೇಳಿಯಾದ ಮೇಲೆ ಎಲ್ಲರಿಗೂ ಅದನ್ನೇ ಕಟ್ಟಿಸೋಣವೆಂದು ವಿಂಡೋಸ್‌ನವರಿಗೂ ಹೇಳಿದೆ. ಅಲ್ಲಿ ಅದನ್ನು ಚಾಲೂ ಮಾಡುವ ಸ್ಕ್ರಿಪ್ಟ್ ‘ಸ್ಕ್ರಿಪ್ಟ್ಸ್’ ಎಂಬ ಒಳಫೋಲ್ಡರಿನಲ್ಲಿರುತ್ತದೆ, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ‘ಬಿನ್’ ಎಂಬುದರಲ್ಲಿ. ವಿಳಾಸ ಬರೆಯುವ ಓರೆಗೆರೆಯೂ ಅಲ್ಲಿ ತಿರುವುಮುರುವು. ವಿಂಡೋಸ್‌ಗೂ ಹಿಂದಿನ ಡಾಸ್‌ನ ಮೊದಲ ಆವೃತ್ತಿಯಲ್ಲಿ ಮುಂದಕ್ಕೆ ವಾಲಿದ ಗೆರೆಯನ್ನು ಕಮಾಂಡಿನ ಆಯ್ಕೆಗಳಿಗೆ ಬಳಸಿ ಮುಗಿಸಿದ್ದರು, 1983ರ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ಹಿಂದಕ್ಕೆ ವಾಲಿದ ಗೆರೆಯೇ ಉಳಿದಿತ್ತು. ನಲವತ್ತು ವರ್ಷಗಳಾಚೆಯ ಆ ತೀರ್ಮಾನದ ಬಾಕಿಯನ್ನು ನಾವು ಇಂದಿಗೂ ತೀರಿಸುತ್ತಿದ್ದೇವೆ. ವಿಳಾಸವನ್ನು ಸರಿಯಾಗಿ ಬರೆದ ಮೇಲೂ ಪವರ್‌ಶೆಲ್ ಒಪ್ಪಲಿಲ್ಲ: ಸಾಮಾನ್ಯ ವಿಂಡೋಸ್‌ನಲ್ಲಿ ಸ್ಕ್ರಿಪ್ಟುಗಳನ್ನು ಓಡಿಸಲು ಮೊದಲಿಗೆ ಅನುಮತಿಯೇ ಇರುವುದಿಲ್ಲ, ಆ ನೀತಿಯನ್ನು ತಮ್ಮ ಖಾತೆಯ ಮಟ್ಟಿಗೆ ಸಡಿಲಿಸಿಕೊಳ್ಳಬೇಕು. ಹಳೆಯ ಕಮಾಂಡ್ ಪ್ರಾಂಪ್ಟ್ ತೆರೆದವರಿಗೆ ಈ ತೊಂದರೆ ಇರಲಿಲ್ಲ. ಒಂದೇ ವಿಂಡೋಸ್‌ನೊಳಗೆ, ಪಕ್ಕಪಕ್ಕದ ಇಬ್ಬರಿಗೆ, ಯಾವ ಕಿಟಕಿ ತೆರೆದಿದ್ದಾರೆ ಎಂಬುದರ ಮೇಲೆ ಬೇರೆ ಬೇರೆ ಉತ್ತರ.

ಎರಡನೆಯ ಮ್ಯಾಕ್‌ಬುಕ್‌ನ ಸಮಸ್ಯೆಯನ್ನು ಬಿಡಿಸಲು ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ರೆಜೆಕ್ಸ್ ಸರಿಯಾಗಿ ಇನ್‌ಸ್ಟಾಲ್ ಆಯಿತೆಂದು ಪಿಪ್ ಹೇಳುತ್ತಿತ್ತು, ಅಂಥ ಮಾಡ್ಯೂಲೇ ಇಲ್ಲವೆಂದು ಪೈಥಾನ್ ಹೇಳುತ್ತಿತ್ತು. ಎರಡೂ ಸತ್ಯವನ್ನೇ ಹೇಳುತ್ತಿದ್ದವು. ಅದನ್ನು ತಂದಿದ್ದ ವಿದ್ಯಾರ್ಥಿನಿಯ ಹಳೆಯ ಮ್ಯಾಕ್ ಇಂಟೆಲ್ ಚಿಪ್ಪಿನದು, ಹೊಸದು ಆ್ಯಪಲ್‌ನ ಸ್ವಂತ ಚಿಪ್ಪಿನದು. ಹಳೆಯದರಲ್ಲಿದ್ದದ್ದನ್ನೆಲ್ಲ ಸಾರಾಸಗಟಾಗಿ ಹೊಸದಕ್ಕೆ ಸಾಗಿಸಿಕೊಂಡಿದ್ದಳು. ಹೋಮ್‌ಬ್ರೂ ಎಂಬ ಪ್ಯಾಕೇಜ್ ವ್ಯವಸ್ಥೆ ಇಂಟೆಲ್ ಮ್ಯಾಕ್‌ನಲ್ಲಿ ‘/ಯುಎಸ್‌ಆರ್/ಲೋಕಲ್’ ಫೋಲ್ಡರಿನಲ್ಲಿ ನೆಲೆಸುತ್ತದೆ, ಹೊಸ ಚಿಪ್ಪಿನ ಮ್ಯಾಕ್‌ನಲ್ಲಿ ‘/ಆಪ್ಟ್/ಹೋಮ್‌ಬ್ರೂ’ ಫೋಲ್ಡರಿನಲ್ಲಿ. ಎರಡೂ ಇದ್ದವು. ‘ಪೈಥಾನ್3’ ಎಂದರೆ ಹೊಸ ಮನೆಯದು ಬರುತ್ತಿತ್ತು; ‘ಪಿಪ್’ ಎಂಬ ಹೆಸರು ಹೊಸ ಮನೆಯಲ್ಲಿ ಇರಲಿಲ್ಲವಾಗಿ ಹಳೆಯ ಮನೆಯದು ಎದ್ದು ಬರುತ್ತಿತ್ತು. ಪಿಪ್ ತನ್ನ ಹಳೆಯ ಪೈಥಾನ್‌ಗೆ ನಿಷ್ಠೆಯಿಂದ ರೆಜೆಕ್ಸ್ ಹಾಕುತ್ತಲೇ ಇತ್ತು. ಪಿಪ್‌ಗೆ ಅದರ ಆವೃತ್ತಿ ಕೇಳಿದಾಗ ಸಾಲಿನ ಕೊನೆಯ ಆವರಣದಲ್ಲಿ ತಾನು ಯಾವ ಪೈಥಾನ್‌ಗೆ ಸೇರಿದ್ದೆಂದು ಬರೆದು ತೋರಿಸುತ್ತದೆ. ಅದನ್ನು ಓದಿದ ಮೇಲೆಯೇ ಗುಟ್ಟು ಬಯಲಾಯಿತು.

ಇನ್ನು ಒಂದು ವಿಂಡೋಸ್ ಯಂತ್ರದಲ್ಲಿ ರೆಜೆಕ್ಸ್ ಹಾಕಲು ಮೈಕ್ರೋಸಾಫ್ಟ್ ವಿಷುವಲ್ ಸಿ ಪ್ಲಸ್ ಪ್ಲಸ್ 14 ಬೇಕೆಂಬ ಬೇಡಿಕೆ ಬಂತು. ರೆಜೆಕ್ಸ್‌ನ ಒಳಭಾಗ ಸಿ ಭಾಷೆಯಲ್ಲಿದೆ. ಅದನ್ನು ಮೊದಲೇ ಕಂಪೈಲ್ ಮಾಡಿ, ಪೈಥಾನ್ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಚಿಪ್ಪು ಇಷ್ಟನ್ನೂ ಕಡತದ ಹೆಸರಿನಲ್ಲೇ ಬರೆದ ‘ವೀಲ್’ಗಳಾಗಿ ಇಟ್ಟಿರುತ್ತಾರೆ, ಪಿಪ್ ನಮ್ಮ ಯಂತ್ರಕ್ಕೆ ಒಪ್ಪುವ ವೀಲನ್ನು ಆರಿಸಿಕೊಳ್ಳುತ್ತದೆ. ಒಪ್ಪುವುದು ಸಿಗದಿದ್ದರೆ ಮೂಲಸಂಕೇತವನ್ನು ಇಳಿಸಿ ನಮ್ಮಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಆ ವಿದ್ಯಾರ್ಥಿ ಎಲ್ಲರಿಗಿಂತ ಮುಂದಿರಬೇಕೆಂದು 3.14ರ ಆಲ್ಫಾ ಆವೃತ್ತಿ ಹಾಕಿಕೊಂಡಿದ್ದ. ಅದರ ಅಂತಿಮ ಬಿಡುಗಡೆ ಆದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಅವನಿಗಾಗಿ ವೀಲ್ ಇರಲಿಲ್ಲ. 3.13 ಹಾಕಿಸಿದೆ, ಅಲ್ಲಿಗೆ ಮುಗಿಯಿತು.

ನಾಲ್ಕನೆಯ ಸಾಲು: ಐವತ್ತೊಂಬತ್ತನೆಯ ಸ್ಥಾನ

ಎಲ್ಲವೂ ಸೇರಿಕೊಂಡಿತು ಎನ್ನಿಸಿದ ಮೇಲೆ ಕಾರ್ಯಕ್ರಮವನ್ನು ಓಡಿಸಿದೆವು. ಅದು ಗಾದೆಗಳ ಒಂದು ಕಡತವನ್ನು ತೆರೆದು ಅಕ್ಷರ ಎಣಿಸಬೇಕಿತ್ತು. ಕಡತದ ಮೊದಲ ಸಾಲು ‘ಕೈ ಕೆಸರಾದರೆ ಬಾಯಿ ಮೊಸರು’. ಲ್ಯಾಬಿನ ಉಬುಂಟುಗಳಲ್ಲೂ ಸರಿಹೋದ ಮ್ಯಾಕ್‌ನಲ್ಲೂ ಲೆಕ್ಕ ಬಂತು. ವಿಂಡೋಸ್‌ನಲ್ಲಿ, ಒಂದನ್ನೂ ಬಿಡದೆ ಎಲ್ಲ ಲ್ಯಾಪ್‌ಟಾಪುಗಳಲ್ಲೂ, ಒಂದೇ ದೋಷ: 59ನೆಯ ಸ್ಥಾನದಲ್ಲಿರುವ 81 (ಹದಿನಾರರ ಬುಡದ ಎಣಿಕೆಯಲ್ಲಿ) ಎಂಬ ಬೈಟನ್ನು ಓದಲಾಗದು.

ಎಲ್ಲರದ್ದೂ ಒಂದೇ ಸಂಖ್ಯೆಯಾದ್ದರಿಂದ ಫಲಕದ ಮೇಲೆ ಎಣಿಸಿಯೇ ನೋಡಿದೆವು. ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಸಂಕೇತದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಚಿಹ್ನೆಗೂ ಮೂರು ಮೂರು ಬೈಟುಗಳು, ಖಾಲಿ ಜಾಗಕ್ಕೆ ಒಂದು. ಆ ಗಾದೆಯಲ್ಲಿ ಕೊನೆಯ ಕೊಂಬಿಗಿಂತ ಮೊದಲು ಅಕ್ಷರ ಮತ್ತು ಚಿಹ್ನೆಗಳು ಹದಿನೆಂಟು, ಖಾಲಿ ಜಾಗ ಮೂರು. ಒಟ್ಟು 57 ಬೈಟು. ಸೊನ್ನೆಯಿಂದ ಎಣಿಸಿದರೆ 57, 58, 59ನೆಯ ಸ್ಥಾನಗಳಲ್ಲಿರುವುದು ‘ಮೊಸರು’ವಿನ ಕೊಂಬು, ಅದರ ಮೂರನೆಯ ಬೈಟೇ 81. ಉಬುಂಟು ಮತ್ತು ಮ್ಯಾಕ್‌ಗಳು ಪಠ್ಯವೆಂದರೆ ಯುಟಿಎಫ್-8 ಎಂದೇ ಎಣಿಸುತ್ತವೆ. ಪೈಥಾನ್ ವಿಂಡೋಸ್‌ನಲ್ಲಿ, ಬೇರೇನೂ ಹೇಳದಿದ್ದರೆ, ಆ ಯಂತ್ರದ ಹಳೆಯ ಸಂಕೇತಪಟ್ಟಿಯನ್ನು ಹಿಡಿಯುತ್ತದೆ. ನಮ್ಮ ಕಡೆ ಮಾರುವ ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು ಮಾಡಿದ 1252 ಎಂಬ ಪಟ್ಟಿ. ಅದರ 256 ಮನೆಗಳಲ್ಲಿ ಐದು ಖಾಲಿ: 81, 8ಡಿ, 8ಎಫ್, 90, 9ಡಿ. ಕೊಂಬು ಕೊನೆಗೊಳ್ಳುವುದು 81ರಲ್ಲಿ, ಒತ್ತಕ್ಷರ ಕಟ್ಟಲು ಬೇಕಾದ ಹಲಂತ ಕೊನೆಗೊಳ್ಳುವುದು 8ಡಿಯಲ್ಲಿ, ‘ಏ’, ‘ಐ’ ಮತ್ತು ‘ಝ’ ಉಳಿದ ಮೂರರಲ್ಲಿ. ಕೊಂಬೂ ಒತ್ತೂ ಇಲ್ಲದ ಕನ್ನಡದ ವಾಕ್ಯವನ್ನು ಹುಡುಕಿ ತರುವುದೇ ಕಷ್ಟ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಹುಡುಕಿ ತಂದಳು. ಕಡತದಲ್ಲಿ ‘ಮನೆ’ ಎಂದಷ್ಟೇ ಬರೆದು ಓಡಿಸಿ, “ನಂದು ಬಂತು ಸರ್, ಆದ್ರೆ ಒಂಬತ್ತು ಅಕ್ಷರ ಅಂತಿದೆ” ಎಂದಳು. ‘ಮನೆ’ಯ ಒಂಬತ್ತು ಬೈಟುಗಳಲ್ಲಿ ಯಾವುದೂ ಆ ಐದು ಖಾಲಿ ಮನೆಗಳಿಗೆ ಬೀಳುವುದಿಲ್ಲ, ಆದ್ದರಿಂದ ಪೈಥಾನ್ ಒಂದೊಂದು ಬೈಟನ್ನೂ ಒಂದೊಂದು ಯೂರೋಪಿನ ಚಿಹ್ನೆಯಾಗಿ ಓದಿ, ಯಾವ ತಕರಾರೂ ಇಲ್ಲದೆ ಒಂಬತ್ತು ಎಂದು ಲೆಕ್ಕ ಒಪ್ಪಿಸಿತ್ತು. ಬರಬೇಕಾದದ್ದು ಎರಡು. ಆ ದಿನದ ದೋಷಗಳಲ್ಲೆಲ್ಲ ನನ್ನನ್ನು ನಿಜಕ್ಕೂ ಕಂಗೆಡಿಸಿದ್ದು ಇದು. ಕೆಂಪಕ್ಷರ ಬಂದರೆ ಏನೋ ತಪ್ಪಿದೆಯೆಂದು ಗೊತ್ತಾಗುತ್ತದೆ. ಇಲ್ಲಿ ಕೊಂಬಿಲ್ಲದ ಪದವೊಂದಕ್ಕೆ ತಪ್ಪು ಉತ್ತರವೇ ಸರಿ ಉತ್ತರದ ಮುಖ ಹಾಕಿಕೊಂಡು ಬಂದಿತ್ತು.

ಕಡತ ತೆರೆಯುವ ಸಾಲಿನಲ್ಲಿ ಸಂಕೇತ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿದರೆ ಮೂರೂ ಕಡೆ ಒಂದೇ ಉತ್ತರ. ಹಾಗೆ ಹೇಳುವ ಅಭ್ಯಾಸ ನನಗಿರಲಿಲ್ಲ, ಏಕೆಂದರೆ ನನ್ನ ಯಂತ್ರದಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ಪೆಪ್ 686ರ ತೀರ್ಮಾನದಂತೆ ಪೈಥಾನ್ 3.15ರಿಂದ ವಿಂಡೋಸ್‌ನಲ್ಲೂ ಯುಟಿಎಫ್-8ನ್ನೇ ಮೊದಲ ಆಯ್ಕೆಯಾಗಿ ಹಿಡಿಯಬೇಕು. ಹಳೆಯ ಆವೃತ್ತಿಗಳು ಕಾಲೇಜು ಲ್ಯಾಬುಗಳಿಂದ ಮಾಯವಾಗಲು ಅದರ ಮೇಲೂ ಹಲವು ವರ್ಷ ಬೇಕಾದೀತು.

ಎರಡು ವಾರದ ನಂತರ

ಮರಳಿ ಹೋಗುವ ಮುನ್ನ ಮೂರು ದಾರಿಗಳನ್ನು ತೂಗಿ ನೋಡಿದೆ. ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಸಿದರೆ ಎಲ್ಲರೂ ಉಬುಂಟುವಿನವರೇ ಆಗುತ್ತಾರೆ, ಆದರೆ ಅದಕ್ಕೆ ಆಡಳಿತದ ಹಕ್ಕು, ದೊಡ್ಡ ಡೌನ್‌ಲೋಡು, ರೀಸ್ಟಾರ್ಟು ಎಲ್ಲವೂ ಬೇಕು. 2024ರಲ್ಲಿ ಬಂದ ‘ಯುವಿ’ ಎಂಬ ಉಪಕರಣ ಪೈಥಾನನ್ನೂ ಪರಿಸರವನ್ನೂ ಮೂರೂ ಕಡೆ ಒಂದೇ ಬಗೆಯ ಕಮಾಂಡಿನಿಂದ ತರುತ್ತದೆ. ನನ್ನ ಸ್ವಂತ ಕೆಲಸಕ್ಕೆ ಈಗ ನಾನು ಅದನ್ನೇ ಬಳಸುತ್ತೇನೆ. ಮೊದಲ ಸಲ ಕಲಿಯುವವರಿಗೆ ಅದನ್ನು ಕೊಡಲು ಮನಸ್ಸಾಗಲಿಲ್ಲ, ಏಕೆಂದರೆ ಯಾವ ಪೈಥಾನ್ ಎಲ್ಲಿದೆ ಎಂಬ ಪ್ರಶ್ನೆಯನ್ನೇ ಅದು ಮರೆಮಾಡುತ್ತದೆ, ನಾಳೆ ಬೇರೊಬ್ಬರ ಯಂತ್ರದ ಮುಂದೆ ಕುಳಿತಾಗ ಅವರಿಗೆ ಬೇಕಾಗುವುದು ಆ ಪ್ರಶ್ನೆಯೇ. ಉಳಿದದ್ದು ಹಾಳೆಯನ್ನು ತಿದ್ದಿ ಬರೆಯುವ ದಾರಿ.

ಹೊಸ ಹಾಳೆಯಲ್ಲಿ ‘ಪೈಥಾನ್’ ಎಂಬ ಬರಿಯ ಹೆಸರು ಎಲ್ಲಿಯೂ ಇಲ್ಲ. ವಿಂಡೋಸ್‌ನವರಿಗೆ ‘ಪಿವೈ’, ಉಳಿದವರಿಗೆ ‘ಪೈಥಾನ್3’. ಅದೂ ಒಂದೇ ಒಂದು ಸಲ, ಪರಿಸರ ಕಟ್ಟಲು. ಕಟ್ಟಿದ ಮೇಲೆ ಅದನ್ನು ಚಾಲೂ ಮಾಡುವ ಸ್ಕ್ರಿಪ್ಟನ್ನು ನಾವು ಮುಟ್ಟುವುದೇ ಇಲ್ಲ. ಪರಿಸರದೊಳಗಿರುವ ಪೈಥಾನನ್ನು ಅದರ ವಿಳಾಸ ಹಿಡಿದು ನೇರವಾಗಿ ಕರೆಯುತ್ತೇವೆ, ಪಿಪ್ ಬೇಕಾದಾಗಲೂ ಆ ಪೈಥಾನ್‌ಗೇ ಹೇಳಿ ಅದರ ಪಿಪ್ಪನ್ನು ಕರೆಸುತ್ತೇವೆ. ಇದರಿಂದ ಪವರ್‌ಶೆಲ್‌ನ ನೀತಿ, ಅಣ್ಣನ 3.8, ಮ್ಯಾಕ್‌ನ ಎರಡು ಮನೆಗಳು ಇವೆಲ್ಲ ಒಟ್ಟಿಗೇ ದಾರಿಯಿಂದ ಸರಿದವು. ಹೊಡೆಯಬೇಕಾದ ಸಾಲು ಉದ್ದವಾಯಿತೆಂಬ ದೂರು ಬಂತು, ಅದು ನಿಜವೂ ಹೌದು.

ಹಾಳೆಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರ ಜೊತೆ ನಾಲ್ಕು ದಿನ ಮೊದಲೇ ಕಳುಹಿಸಿದ ಪುಟ್ಟ ತಪಾಸಣೆ ಕಾರ್ಯಕ್ರಮ. ತನ್ನನ್ನು ಓಡಿಸುತ್ತಿರುವ ಪೈಥಾನ್ ಯಾವ ಫೋಲ್ಡರಿನದು, ಯಾವ ಆವೃತ್ತಿ, ಯಾವ ಚಿಪ್ಪು, ಕಡತ ಓದಲು ಯಾವ ಸಂಕೇತಪಟ್ಟಿ ಹಿಡಿಯುತ್ತದೆ ಎಂಬುದನ್ನು ಅದು ಬರೆದು ತೋರಿಸುತ್ತದೆ. ಪರದೆಯ ಫೋಟೋ ತೆಗೆದು ಗುಂಪಿಗೆ ಹಾಕಿರೆಂದು ಹೇಳಿದ್ದೆ. ಗುರುವಾರದೊಳಗೆ ಬಹುತೇಕ ಎಲ್ಲರದ್ದೂ ಬಂದವು, ಯಾರ ಯಂತ್ರದಲ್ಲಿ ಏನು ಸರಿಯಿಲ್ಲವೆಂದು ಮನೆಯಲ್ಲೇ ಕುಳಿತು ಗೊತ್ತುಮಾಡಿಕೊಂಡೆ. ಲ್ಯಾಬ್ ಸಹಾಯಕರು ವೆನ್ವ್ ಪ್ಯಾಕೇಜನ್ನು ಶುಕ್ರವಾರವೇ ಎಲ್ಲ ಕಂಪ್ಯೂಟರುಗಳಿಗೂ ಹಾಕಿಟ್ಟಿದ್ದರು. ಹೊಸ ಮ್ಯಾಕ್‌ನ ಹುಡುಗ ಪೈಥಾನ್ ಜಾಲತಾಣದ ಇನ್‌ಸ್ಟಾಲರನ್ನು ಮನೆಯಲ್ಲೇ ಇಳಿಸಿಕೊಂಡು ಬಂದಿದ್ದ. ಆ ಶನಿವಾರ ಪಾಠ ಶುರುವಾದದ್ದು ಇಪ್ಪತ್ತು ನಿಮಿಷದೊಳಗೆ, ಒಂದೇ ಒಂದು ಲ್ಯಾಪ್‌ಟಾಪ್ ಬಿಟ್ಟು. ಅದರ ಡೆಸ್ಕ್‌ಟಾಪ್ ಫೋಲ್ಡರ್ ಕಡತಗಳ ಪ್ರತಿಯನ್ನು ಅಂತರ್ಜಾಲದಲ್ಲಿ ಇಡುವ ಒನ್‌ಡ್ರೈವ್‌ಗೆ ಸೇರಿತ್ತು, ಪರಿಸರದ ನೂರಾರು ಕಡತಗಳನ್ನು ಅದು ಒಂದೊಂದಾಗಿ ಮೇಲಕ್ಕೆ ಸಾಗಿಸತೊಡಗಿತ್ತು. ಫೋಲ್ಡರನ್ನು ಹೊರಗೆ ಇಟ್ಟುಕೊಳ್ಳಲು ಹೇಳಿ ಮುಂದೆ ಹೋದೆ.

ನನ್ನ ಲ್ಯಾಪ್‌ಟಾಪನ್ನೂ ಆ ವಾರ 24.04ಕ್ಕೆ ಏರಿಸಿ, ‘ಪೈಥಾನ್-ಈಸ್-ಪೈಥಾನ್3’ ಪ್ಯಾಕೇಜನ್ನು ತೆಗೆದುಹಾಕಿದೆ. ಈಗ ಕೈ ಅಭ್ಯಾಸದಿಂದ ‘ಪೈಥಾನ್’ ಎಂದು ಹೊಡೆದಾಗಲೆಲ್ಲ ಸಿಗಲಿಲ್ಲವೆಂಬ ಉತ್ತರ ನನಗೂ ಬರುತ್ತದೆ.